ಹೊಸ್ತಿಲಾಚೆಯ ಹೆಪ್ಪು

"ಅಲ್ಲೇ ನಿಲ್ರಿ! ಹೆಂಗಸ್ರು ಒಳಗೆ ಬರೋ ಹಾಗಿಲ್ಲ!"

ಹೆರ್ಮಿನಿಯಾಳ ಜೊತೆ ನಾನು ಆಡಿದ ಮೊದಲ ಮಾತು ಇದು. ಇದಕ್ಕಿಂತ ಚೆಂದದ್ದು ಯಾವುದೂ ಆವತ್ತು ನನ್ನ ಬಾಯಿಗೆ ಬರಲಿಲ್ಲ, ನನ್ನ ಗ್ರಹಚಾರ.

ಪುಲ್ಕೆ, ಅಂದರೆ ಕತ್ತಾಳೆಯ ಕಳ್ಳು, ಹುದುಗಿಸುವ ಮನೆಯ ಬಾಗಿಲಲ್ಲಿ ಅವಳು ನಿಂತಿದ್ದಳು. ಹೆಗಲಲ್ಲಿ ಬ್ಯಾಗು, ಕೈಯಲ್ಲಿ ಖಾಲಿ ಬಾಟಲಿಗಳ ಪೆಟ್ಟಿಗೆ, ಮುಖದ ತುಂಬ ಬಸ್ಸಿನ ಧೂಳು. ಬೂಟಿನ ತುದಿ ಹೊಸ್ತಿಲಿಗೆ ತಾಗಿತ್ತು, ಆದರೆ ಒಂದು ಕೂದಲೆಳೆಯಷ್ಟೂ ದಾಟಿರಲಿಲ್ಲ.

"ಗೊತ್ತು ಕಣ್ರೀ," ಅಂದಳು. "ಹುಟ್ಟಿದಾಗಿಂದ ಕೇಳ್ತಾನೇ ಇದೀನಿ. ನೀವು ಹೊಸಬ್ರಾ?"

"ಹೋದ ವರ್ಷದಿಂದ ಇಲ್ಲೇ ಇದೀನಿ. ನೀವ್ಯಾರು?"

"ನಿಮ್ಮ ಯಜಮಾನ್ರ ಮಗಳು."

ಕೈಯಲ್ಲಿದ್ದ ಉದ್ದ ಸೋರೆ ಬುರುಡೆ ಜಾರಿ ನನ್ನ ಕಾಲ ಮೇಲೆ ಬಿತ್ತು. ಕತ್ತಾಳೆಯ ಹೊಟ್ಟೆಯಿಂದ ಜೇನುನೀರು ಹೀರಿ ತೆಗೆಯುವ ಬುರುಡೆ ಅದು, ನನ್ನ ಅನ್ನದ ಬುರುಡೆ.

"ಅಯ್ಯೋ, ಒಡೀತಾ?"

"ಇಲ್ಲ. ಕಾಲು ಮಾತ್ರ ನೋಯ್ತಿದೆ."

"ಕಾಲಿನ ವಿಷ್ಯ ಯಾರು ಕೇಳಿದ್ರು?" ಅಂದು ಅವಳು ನಕ್ಕಳು. ಆ ನಗುವಿಗೆ ನನ್ನ ಕಾಲಿನ ನೋವು ಎಲ್ಲಿ ಹೋಯಿತೋ ನನಗೆ ಗೊತ್ತಾಗಲಿಲ್ಲ.

ಆಪಾನ್ ಬಯಲಿನ ಪುಲ್ಕೆ ಮನೆಗಳಲ್ಲಿ ಇರುವ ಕಟ್ಟುನಿಟ್ಟು ಚರ್ಚಿನಲ್ಲೂ ಇಲ್ಲ. ಟೋಪಿ ತೆಗೆದು, ಗೋಡೆಯ ಶಿಲುಬೆಗೆ ತಲೆಬಾಗಿ ಒಳಗೆ ಕಾಲಿಡಬೇಕು. ಕೆಟ್ಟ ಮಾತು ಆಡಬಾರದು. ಸೆಂಟು ಹಾಕಿಕೊಂಡು ಬರಬಾರದು. ಮತ್ತಿ ಮೀನು ತಿಂದ ಕೈಯಲ್ಲಿ ಏನನ್ನೂ ಮುಟ್ಟಬಾರದು. ಹೆಂಗಸರಂತೂ ಹೊಸ್ತಿಲು ದಾಟುವ ಮಾತೇ ಇಲ್ಲ. ದಾಟಿದರೆ ಹೆಪ್ಪು ಮುನಿಸಿಕೊಳ್ಳುತ್ತದೆ, ಮುನಿಸಿಕೊಂಡರೆ ತೊಟ್ಟಿಯಲ್ಲಿರುವ ಅಷ್ಟೂ ಪುಲ್ಕೆ ಕೊಳೆಯುತ್ತದೆ. ನಮ್ಮ ಯಜಮಾನರು ದೋನ್ ಮಕಾರಿಯೊ ಇದನ್ನು ತಮ್ಮ ಅಪ್ಪನಿಂದ ಕಲಿತಿದ್ದರು, ಹೆಪ್ಪನ್ನೂ ಅವರಿಂದಲೇ ಪಡೆದಿದ್ದರು. ಮೂಲೆಯ ಪುಟ್ಟ ಚರ್ಮದ ತೊಟ್ಟಿಯಲ್ಲಿ ಬೆಳ್ಳಗೆ ನೊರೆಯಾಡುವ ಆ ಹೆಪ್ಪಿಗೆ ಅವರ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚಿನ ಮರ್ಯಾದೆ ಇತ್ತು.

ಮಗಳ ಕೆಲಸ ಕೇಳಿದರೆ ನಗು ಬರುತ್ತದೆ. ಪ್ವೆಬ್ಲಾ ನಗರದ ಒಂದು ಲ್ಯಾಬಿನಲ್ಲಿ ಅವಳು ಇಂಥ ಪಾನೀಯಗಳಲ್ಲಿರುವ ಬ್ಯಾಕ್ಟೀರಿಯಾಗಳನ್ನೇ ಹುಡುಕುತ್ತಾಳೆ. ಅನಾನಸ್ ಸಿಪ್ಪೆಯ ಹುಳಿನೀರು, ಮೆಕ್ಕೆಜೋಳದ ಹಿಟ್ಟು ಕದಡಿದ ಅಂಬಲಿ, ಪಾಪಸುಕಳ್ಳಿ ಹಣ್ಣಿನ ಕೆಂಪು ರಸ, ಎಲ್ಲವನ್ನೂ ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಿದ್ದಾಳೆ. ತನ್ನ ಸ್ವಂತ ಮನೆಯ ಹೆಪ್ಪನ್ನು ಮಾತ್ರ ಕಣ್ಣಿಂದಲೂ ನೋಡಿಲ್ಲ.

"ಒಂದು ಚಮಚ ಕೊಡಿ ಅಪ್ಪಾ," ಅಂತ ಆವತ್ತು ಊಟಕ್ಕೆ ಕೂತಾಗ ಕೇಳಿದಳು.

"ನನ್ನ ಹೆಪ್ಪು ಬಾಟ್ಲೀಲಿ ಕೂತ್ಕೊಂಡು ಬಸ್ಸಲ್ಲಿ ಹೋಗಲ್ಲ."

"ಹಾಗಾದ್ರೆ ನಾನೇ ಬಂದು ನೋಡ್ಲಾ?"

ದೋನ್ ಮಕಾರಿಯೊ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಮಗಳನ್ನು ನೋಡಿದರು. "ಕತ್ತಾಳೆ ತೋಟಕ್ಕೆ ಹೋಗು. ಬೇಕಾದಷ್ಟು ಜೇನುನೀರು ತಗೋ. ಲಿಬ್ರಾದೊ ಜೊತೆಗಿರ್ತಾನೆ."

ಲಿಬ್ರಾದೊ ಅಂದರೆ ನಾನು. ಬಾಯಲ್ಲಿದ್ದ ಹುರುಳಿಕಾಯಿ ಗಂಟಲಲ್ಲಿ ಸಿಕ್ಕಿಕೊಂಡಿತು.

ಹೀಗೆ ನಮ್ಮ ಬೆಳಗುಗಳು ಶುರುವಾದವು. ಮಾಲಿಂಚೆ ಬೆಟ್ಟದ ನೆತ್ತಿ ಕೆಂಪಾಗುವ ಹೊತ್ತಿಗೆ ನಾನು, ಅವಳು, ನಮ್ಮ ಮುದಿ ಕತ್ತೆ ತೋಟದಲ್ಲಿರುತ್ತಿದ್ದೆವು. ನಾನು ಬುರುಡೆಯ ಒಂದು ತುದಿಯನ್ನು ಕತ್ತಾಳೆಯ ಗುಳಿಗೆ ಇಳಿಸಿ ಇನ್ನೊಂದು ತುದಿಯಿಂದ ಉಸಿರೆಳೆಯುತ್ತಿದ್ದೆ. ಅವಳು ಗಿಡದ ಪಕ್ಕ ನಿಂತು ನೋಡುತ್ತಿದ್ದಳು. ನೋಡಿದರೆ ನೋಡಲಿ, ಆದರೆ ಅಷ್ಟು ಹೊತ್ತು ನೋಡಿದರೆ ಗಂಡಸು ಉಸಿರೆಳೆಯುವುದಾದರೂ ಹೇಗೆ?

"ಕೆನ್ನೆ ಹೇಗೆ ಒಳಗೆ ಹೋಗುತ್ತೆ ನಿಮ್ದು!" ಅಂದಳು ಒಂದು ದಿನ.

ನನಗೆ ನಗು ಬಂದು ಜೇನುನೀರು ಮೂಗಿಗೇರಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಅವಳು ಶಾಲಿನ ತುದಿಯಿಂದ ನನ್ನ ಮುಖ ಒರೆಸಲು ಬಂದು, ಅರ್ಧಕ್ಕೆ ನಿಂತು, ಶಾಲನ್ನು ನನ್ನ ಕೈಗೇ ಕೊಟ್ಟಳು. ಅರ್ಧಕ್ಕೆ ಯಾಕೆ ನಿಲ್ಲಿಸಿದಳು ಅಂತ ಆ ಇಡೀ ದಿನ ಯೋಚಿಸಿದೆ.

"ಈ ನಿಮ್ಮ ಹುಳಗಳಿಂದ ಏನು ಪ್ರಯೋಜನ?" ಅಂತ ಮಾತು ತಿರುಗಿಸಿದೆ.

"ಹುಳ ಅಲ್ಲ, ಬ್ಯಾಕ್ಟೀರಿಯಾ. ಒಳ್ಳೇವು. ನಾವು ಕುಡಿದ ಮೇಲೂ ಕೆಲವು ಹೊಟ್ಟೆಯ ಹುಳಿಯಲ್ಲಿ ಸಾಯದೆ ಉಳ್ಕೊಳ್ತವೆ. ಅಲ್ಲೇ ಮನೆ ಮಾಡ್ಕೊಂಡು, ಕೆಟ್ಟವಕ್ಕೆ ಜಾಗ ಕೊಡಲ್ಲ. ಹಟಮಾರಿ ಜಾತಿ."

"ನಿಮ್ಮ ಹಾಗೆ."

"ನನಗೆಲ್ಲಿ ಜಾಗ ಕೊಟ್ಟಿದಾರೆ? ಹೊಸ್ತಿಲಲ್ಲೇ ನಿಂತಿದೀನಿ."

ಅವಳು ನಗುತ್ತಲೇ ಹೇಳಿದಳು. ಆದರೆ ನನಗೆ ಪಿಚ್ಚೆನಿಸಿತು. ಮೊದಲ ದಿನ ಅವಳನ್ನು ಗದರಿಸಿ ನಿಲ್ಲಿಸಿದವನು ನಾನೇ ಅಲ್ಲವೇ?

ಮುಂದಿನ ಭಾನುವಾರ ದೋನ್ ಮಕಾರಿಯೊ ಪಕ್ಕದ ಊರಿಗೆ ಒಂದು ನಾಮಕರಣಕ್ಕೆ ಹೋದರು. ಮಧ್ಯಾಹ್ನ ನಾನು ತೊಟ್ಟಿಗಳಿಗೆ ಜೇನುನೀರು ಸುರಿಯುತ್ತಿದ್ದೆ. ತಿರುಗಿ ನೋಡಿದರೆ ಹೆರ್ಮಿನಿಯಾ ಬಾಗಿಲಲ್ಲಿ. ಮುಖ ತೊಳೆದಿದ್ದಳು, ಕೂದಲು ಬಿಗಿಯಾಗಿ ಕಟ್ಟಿದ್ದಳು, ಬರಿಗಾಲಲ್ಲಿದ್ದಳು.

"ಒಂದೇ ಒಂದ್ಸಲ," ಅಂದಳು. "ಏನೂ ಮುಟ್ಟಲ್ಲ. ಏನೂ ತಗೊಳಲ್ಲ. ಬಾಟ್ಲೀನೂ ತಂದಿಲ್ಲ, ನೋಡಿ."

ಎರಡೂ ಅಂಗೈ ಚಾಚಿ ತೋರಿಸಿದಳು. ನಾನು ಬೇಡ ಅನ್ನಬೇಕಿತ್ತು. ಯಜಮಾನರ ಉಪ್ಪು ತಿಂದವನು. ಆದರೆ ಆ ಖಾಲಿ ಅಂಗೈಗಳನ್ನು ನೋಡಿ ಇಲ್ಲ ಅನ್ನಲು ನನ್ನಿಂದಾಗಲಿಲ್ಲ.

"ಬನ್ನಿ," ಅಂದೆ.

ಅವಳು ಶಿಲುಬೆಗೆ ತಲೆಬಾಗಿ ಒಳಗೆ ಬಂದಳು. ನೇರ ಮೂಲೆಗೆ ಹೋಗಿ ಪುಟ್ಟ ತೊಟ್ಟಿಯ ಮುಂದೆ ಮಂಡಿಯೂರಿದಳು. ಹೆಪ್ಪು ಸಣ್ಣಗೆ ಚಿಟಪಟ ಅನ್ನುತ್ತಿತ್ತು. ಅವಳು ಕಿವಿಗೊಟ್ಟು ಕೇಳಿದಳು.

"ಮಾತಾಡ್ತಿದೆ ಕಣೋ," ಅಂದಳು ಪಿಸುಮಾತಿನಲ್ಲಿ. "ನಮ್ಮಜ್ಜನ ಹೆಪ್ಪು."

ಕಣೋ ಅಂದಳು. ನನಗೆ! ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಅದು ತೊಟ್ಟಿಗೆ ಬೀಳದಿರಲಿ ಅಂತ ತಾನೇ ಗಾಬರಿಯಿಂದ ಹಿಂದೆ ಸರಿದಳು. ನನಗೆ ಅವಳ ಮೇಲೆ ಎಂಥ ಪ್ರೀತಿ ಉಕ್ಕಿ ಬಂತೆಂದರೆ, ಜೇನುನೀರಿನ ಬಕೆಟ್ ಹಿಡಿದುಕೊಂಡು ಕಂಬದ ಹಾಗೆ ನಿಂತುಬಿಟ್ಟೆ. ಅವಳು ಬಂದ ಹಾಗೆಯೇ ಹೊರಗೆ ಹೋದಳು.

ಮಂಗಳವಾರ ಬೆಳಿಗ್ಗೆ ಬಾಗಿಲು ತೆರೆದಾಗ ವಾಸನೆ ಮೂಗಿಗೆ ಬಡಿಯಿತು. ತೊಟ್ಟಿಗಳಲ್ಲಿ ಪುಲ್ಕೆ ಲೋಳೆಗಟ್ಟಿ ನಿಂತಿತ್ತು. ಮೂಲೆಯ ಹೆಪ್ಪಿನಲ್ಲಿ ನೊರೆಯಿಲ್ಲ, ಸದ್ದಿಲ್ಲ. ದೋನ್ ಮಕಾರಿಯೊ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡು ಉಗಿದರು.

"ಸತ್ತಿದೆ," ಅಂದರು.

ಅಂಗಿಗೆ ಬೆರಳು ಒರೆಸಿಕೊಂಡು ಮೂಲೆಯ ತೊಟ್ಟಿಯನ್ನೇ ನೋಡಿದರು.

"ಹೊಸದು ಮಾಡ್ಬಹುದು. ಆದ್ರೆ ಅದು ನಮ್ಮಪ್ಪನ್ದಲ್ಲ. ಇದಿಲ್ಲ ಅಂದ್ರೆ ನಾನು ಈ ಬಾಗ್ಲು ಹಾಕ್ಬಿಡ್ತೀನಿ ಲಿಬ್ರಾದೊ." ಆಮೇಲೆ ನನ್ನ ಕಡೆ ತಿರುಗಿದರು. "ಒಳಗೆ ಯಾರು ಬಂದಿದ್ರು?"

ಹೊರಗೆ ಅಂಗಳದಲ್ಲಿ ಹೆರ್ಮಿನಿಯಾ ಬಟ್ಟೆ ಒಣಹಾಕುತ್ತಿದ್ದಳು. ಇವರಿಗೆ ನಿಜ ಗೊತ್ತಾದರೆ ಮಗಳ ಮುಖ ನೋಡುವುದಿಲ್ಲ, ಅದು ಖಂಡಿತ. ಇದ್ದ ಒಬ್ಬ ಅಪ್ಪನೂ ಅವಳಿಗಿಲ್ಲದಂತಾಗುತ್ತದೆ.

"ಯಾರೂ ಬಂದಿಲ್ಲ ಯಜಮಾನ್ರೆ. ನಾನೇ... ಭಾನುವಾರ ಮತ್ತಿ ಮೀನು ತಿಂದಿದ್ದೆ. ನಿಂಬೆಹಣ್ಣು ಹಿಂಡ್ಕೊಂಡು. ಕೈ ತೊಳೀದೇ ಹೆಪ್ಪು ಮುಟ್ಟಿದೆ."

ಅವರು ನನ್ನನ್ನು ಹೊಡೆದಿದ್ದರೆ ಚೆನ್ನಾಗಿತ್ತು. ಹೊಡೆಯಲಿಲ್ಲ. "ನಾಳೆ ಬೆಳಿಗ್ಗೆ ಹೊರಟುಬಿಡು," ಅಂದರು ಅಷ್ಟೇ.

ಬುಧವಾರ ಬೆಳಿಗ್ಗೆ ನನ್ನ ಎರಡು ಅಂಗಿ, ಒಂದು ಕಂಬಳಿ, ಬುರುಡೆ, ಎಲ್ಲ ಗಂಟು ಕಟ್ಟಿ ಅಂಗಳಕ್ಕೆ ಬಂದೆ. ದೋನ್ ಮಕಾರಿಯೊ ಜಗಲಿಯಲ್ಲಿ ಕುಳಿತಿದ್ದರು, ನನ್ನ ಕಡೆ ನೋಡಲಿಲ್ಲ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲು ಧಡಾರನೆ ತೆರೆಯಿತು.

"ಅಪ್ಪಾ, ಇವನಿಗೆ ಮತ್ತಿ ಮೀನು ಕಂಡ್ರೆ ಆಗಲ್ಲ!" ಹೆರ್ಮಿನಿಯಾ ಅಂಗಳಕ್ಕೆ ನುಗ್ಗಿದಳು. "ವಾಸನೆ ಬಂದ್ರೆ ಸಾಕು, ಎದ್ದು ಹೋಗ್ತಾನೆ. ಸುಳ್ಳು ಹೇಳಿದಾನೆ. ಒಳಗೆ ಹೋಗಿದ್ದು ನಾನು."

"ಸುಮ್ನಿರಿ," ಅಂದೆ.

"ನೀನು ಸುಮ್ನಿರು! ದೊಡ್ಡ ತ್ಯಾಗಮೂರ್ತಿ! ನನ್ನನ್ನ ಕೇಳಿದ್ಯಾ?" ನನ್ನ ಮೇಲೆ ಹರಿಹಾಯ್ದು ಮತ್ತೆ ಅಪ್ಪನ ಕಡೆ ತಿರುಗಿದಳು. "ಭಾನುವಾರ ಹೋಗಿದ್ದೆ. ನೋಡ್ದೆ, ಕೇಳ್ದೆ, ಬಂದೆ. ಬೈಯೋದಿದ್ರೆ ನನ್ನನ್ನ ಬೈರಿ."

ದೋನ್ ಮಕಾರಿಯೊ ಬೈಯಲಿಲ್ಲ. ಮುಖ ಮುಚ್ಚಿಕೊಳ್ಳಲು ಎರಡೂ ಕೈ ಎತ್ತಿದರು. ಹೆರ್ಮಿನಿಯಾ ಓಡಿಹೋಗಿ ಆ ಕೈಗಳನ್ನು ಹಿಡಿದುಕೊಂಡಳು. ಬೆರಳ ತುದಿಗಳು ಕೆಂಪಾಗಿ ಸಿಪ್ಪೆ ಏಳುತ್ತಿದ್ದವು. ಅವಳು ಮೂಸಿ ನೋಡಿದಳು.

"ಅಪ್ಪಾ, ಇದು ಬ್ಲೀಚ್ ವಾಸನೆ."

ಅವರು ಕೈ ಎಳೆದುಕೊಳ್ಳಲು ನೋಡಿದರು, ಅವಳು ಬಿಡಲಿಲ್ಲ.

"ಏನು ತೊಳೆದ್ರಿ?"

"ತೊಟ್ಟಿ," ಅಂದರು ನೆಲ ನೋಡುತ್ತ. "ಸೋಮವಾರ. ಎಲ್ಲಾ ತೊಟ್ಟಿ. ಹೆಪ್ಪಿನ ತೊಟ್ಟೀನೂ."

"ಯಾಕೆ? ಇಷ್ಟು ವರ್ಷ ಬರೀ ನೀರಲ್ಲಿ ತೊಳೀತಿದ್ರಲ್ಲ?"

ಆಗ ಆ ಮುದುಕ ಹೇಳಿದ ಮಾತು ನಾನು ಈಗಲೂ ಮರೆತಿಲ್ಲ. "ನಿನ್ನ ಹೆಸರಿನ ಸಂತಳ ಹಬ್ಬ ಬರ್ತಿದೆಯಲ್ಲ ಮಿನಾ. ಆವತ್ತು ನಿನ್ನನ್ನ ಒಳಗೆ ಕರೀಬೇಕು ಅಂತ ಮಾಡಿದ್ದೆ. ನೀನು ಲ್ಯಾಬಲ್ಲಿ ಕೆಲಸ ಮಾಡೋಳು, ಅಪ್ಪನ ಜಾಗ ಕೊಳಕು ಅಂದ್ಕೋಬಾರ್ದಲ್ಲ. ಅದಕ್ಕೇ ಚೆನ್ನಾಗಿ ಉಜ್ಜಿದೆ. ಅಂಗಡಿಯೋನು ಇದು ಎಲ್ಲಾ ಕ್ರಿಮೀನೂ ಸಾಯಿಸುತ್ತೆ ಅಂದ."

"ಎಲ್ಲಾ ಕ್ರಿಮೀನೂ ಸಾಯಿಸುತ್ತೆ ಅಪ್ಪಾ," ಅಂದಳು ಹೆರ್ಮಿನಿಯಾ. ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳಲಾರೆ. "ನಮ್ಮವನ್ನೂ ಸಾಯಿಸುತ್ತೆ. ಆ ಚರ್ಮ ಬ್ಲೀಚ್ ಕುಡ್ಕೊಂಡು ಕೂತಿದೆ. ನಿಮ್ಮ ಹೆಪ್ಪನ್ನ ಮತ್ತೆ ಅದರೊಳಗೇ ಸುರಿದ್ರಲ್ಲ!"

"ಹಾಗಾದ್ರೆ ನೀನು ಬಂದಿದ್ದಕ್ಕಲ್ಲ?"

"ಅಲ್ಲ."

"ಮತ್ತಿ ಮೀನಿಗೂ ಅಲ್ಲ?"

"ಮತ್ತಿ ಮೀನೇ ಇಲ್ವಲ್ಲ ಅಪ್ಪಾ!"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಆದರೆ ಒಳಗೆ ಹೆಪ್ಪು ಸತ್ತೇ ಇತ್ತು. ದೋನ್ ಮಕಾರಿಯೊ ಒಂದೇ ದಿನದಲ್ಲಿ ಹತ್ತು ವರ್ಷ ಮುದುಕರಾಗಿದ್ದರು.

ಹೆರ್ಮಿನಿಯಾ ತಟ್ಟನೆ ತಲೆಯೆತ್ತಿದಳು. "ತೊಟ್ಟಿ ತೊಳೆಯೋವಾಗ ಹೆಪ್ಪನ್ನ ಎಲ್ಲಿ ಹಾಕಿಟ್ಟಿದ್ರಿ?"

"ಮರದ ಬಕೆಟ್‌ಗೆ. ಆಮೇಲೆ ತೊಟ್ಟಿಗೆ ವಾಪಸ್ ಸುರಿದು, ಬಕೆಟ್ ತೊಳೆದಿಡೋಕೆ ಲಿಬ್ರಾದೊಗೆ ಹೇಳಿದ್ದೆ."

ಇಬ್ಬರೂ ನನ್ನ ಕಡೆ ತಿರುಗಿದರು.

"ಬ್ಲೀಚ್ ಹಾಕಿ ತೊಳೆದ್ಯಾ?" ಅವಳು ಕೇಳಿದಳು.

ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. "ಅದು... ಆವತ್ತು ಸ್ವಲ್ಪ ಮೈಗಳ್ಳತನ..."

"ತೊಳೆದಿಲ್ವಾ?"

"ಕತ್ತೆ ಕೊಟ್ಟಿಗೆ ಹಿಂದೆ ಬೋರಲು ಹಾಕಿದೀನಿ."

ಅವಳು ಬರಿಗಾಲಲ್ಲೇ ಓಡಿದಳು. ಹಿಂದೆ ನಾನು, ನನ್ನ ಹಿಂದೆ ಟೋಪಿ ಹಾರಿಹೋದದ್ದೂ ಗೊತ್ತಿಲ್ಲದೆ ದೋನ್ ಮಕಾರಿಯೊ. ಬಕೆಟ್ಟಿನ ತಳದಲ್ಲಿ ಬೆಳ್ಳನೆಯ ಗಸಿ ಇನ್ನೂ ಹಸಿಯಾಗಿತ್ತು. ಹೆರ್ಮಿನಿಯಾ ಮೂಗು ಹತ್ತಿರ ತಂದು ಕಣ್ಣು ಮುಚ್ಚಿದಳು.

"ಇದೆ! ಇದೆ ಅಪ್ಪಾ!" ಅಂತ ಕಿರುಚಿ, ಬಕೆಟ್ ತಬ್ಬಿಕೊಂಡೇ ನನ್ನ ಕಡೆ ತಿರುಗಿದಳು. "ಸೋಮಾರಿ! ನನ್ನ ಬಂಗಾರದಂಥ ಸೋಮಾರಿ!"

ಯಜಮಾನರು ಕೆಮ್ಮಿದರು. ಅವಳು ಬಕೆಟ್ಟಿನೊಳಗೆ ಮುಖ ಬಗ್ಗಿಸಿದಳು.

ಆಮೇಲಿನ ದಿನಗಳು ಅಡುಗೆಮನೆಯಲ್ಲಿ ಕಳೆದವು. ಬಕೆಟ್ಟನ್ನು ಒಲೆಯ ಪಕ್ಕ, ಹದವಾದ ಶಾಖದಲ್ಲಿ ತನ್ನ ಶಾಲು ಸುತ್ತಿ ಇಟ್ಟಿದ್ದಳು. ನಾನು ತೋಟದಿಂದ ಬಿಸಿಲೇರುವ ಮುನ್ನ ತಾಜಾ ಜೇನುನೀರು ತರುತ್ತಿದ್ದೆ, ಅವಳು ಬಟ್ಟಲಲ್ಲಿ ಅಳೆದು ಸ್ವಲ್ಪ ಸ್ವಲ್ಪವೇ ಸುರಿಯುತ್ತಿದ್ದಳು. ದೋನ್ ಮಕಾರಿಯೊ ಮೊಣಕಾಲೂರಿ ಪಕ್ಕದಲ್ಲೇ ಕೂರುತ್ತಿದ್ದರು. ಹೆರಿಗೆ ಕೋಣೆಯ ಹೊರಗೆ ಕಾಯುವ ಗಂಡನ ಹಾಗೆ ಎದ್ದು ಹೋಗುತ್ತಿದ್ದರು, ಮತ್ತೆ ಬರುತ್ತಿದ್ದರು.

"ಎಲ್ಲಿ, ಏನೂ ಕಾಣ್ತಿಲ್ವಲ್ಲ?"

"ತಾಳಿ ಅಪ್ಪಾ. ಅವು ಉಳ್ಕೊಂಡಿರೋದೇ ಕಮ್ಮಿ. ಮೊದ್ಲು ಮನೆ ತುಂಬ್ಕೋಬೇಕು."

ಅಪ್ಪ ಹೊರಗೆ ಹೋದಾಗ ಅವಳು ಹೆಂಚಿನ ಮೇಲಿಂದ ಬಿಸಿ ರೊಟ್ಟಿ ತೆಗೆದು ನನ್ನ ಕೈಗಿಡುತ್ತಿದ್ದಳು. ಬೆರಳು ತಾಗುತ್ತಿತ್ತು. ರೊಟ್ಟಿ ಬಿಸಿಯಾಗಿತ್ತು ಅಂತ ಇಬ್ಬರೂ ನೆಪ ಹೇಳಿ ಕೈ ಕೊಡವುತ್ತಿದ್ದೆವು, ಆದರೆ ಇಬ್ಬರೂ ಬೇಗ ಕೈ ತೆಗೆಯುತ್ತಿರಲಿಲ್ಲ.

"ಇದು ಬದುಕದೇ ಇದ್ರೆ ಎಲ್ಲಿಗೆ ಹೋಗ್ತೀಯಾ?" ಅಂತ ಒಂದು ಮಧ್ಯಾಹ್ನ ಕೇಳಿದಳು.

"ಬಾಗ್ಲು ಹಾಕಿದ್ರೆ ಇಲ್ಲೇನು ಕೆಲಸ? ಎಲ್ಲಾದ್ರೂ ಕತ್ತಾಳೆ ಇರೋ ಕಡೆ."

"ಕತ್ತಾಳೆ ಇದ್ರೆ ಸಾಕಾ ನಿಂಗೆ?"

ಸಾಲದು ಅನ್ನಬೇಕಿತ್ತು. ಬಾಯಿಗೆ ಬೀಗ ಬಿತ್ತು. ನನ್ನಂಥ ಪೆದ್ದನನ್ನು ಅವಳು ಹೇಗೆ ಸಹಿಸಿಕೊಂಡಳೋ ದೇವರೇ ಬಲ್ಲ. ಬಕೆಟ್ಟಿನತ್ತ ತಿರುಗಿ ಶಾಲು ಬಿಗಿ ಮಾಡಿದಳು.

ಕೊನೆಗೆ ಒಂದು ಬೆಳಿಗ್ಗೆ ನಾನು ಅಡುಗೆಮನೆಗೆ ಬಂದಾಗ ಅಪ್ಪ ಮಗಳು ಇಬ್ಬರೂ ಬಕೆಟ್ಟಿನ ಮೇಲೆ ಬಗ್ಗಿದ್ದರು. ಹೆರ್ಮಿನಿಯಾ ಬೆರಳೆತ್ತಿ ಸುಮ್ಮನಿರು ಅಂದಳು. ಕೇಳಿಸಿತು. ಸಣ್ಣಗೆ, ಒಂದೇ ಸಮನೆ, ಚಿಟಪಟ. ಅಂಚಿನುದ್ದಕ್ಕೂ ಬೆಳ್ಳನೆಯ ನೊರೆ ಏರಿತ್ತು.

ದೋನ್ ಮಕಾರಿಯೊ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡರು. ಉಗಿಯಲಿಲ್ಲ. ಕಣ್ಣು ಮುಚ್ಚಿ ಚಪ್ಪರಿಸುತ್ತ ಎಷ್ಟೋ ಹೊತ್ತು ನಿಂತರು.

"ನಮ್ಮಪ್ಪ," ಅಂದರು.

ಅಬ್ಬಾ! ಆ ಕ್ಷಣ ನಾನು ಬಿಟ್ಟ ಉಸಿರು ಎಷ್ಟು ದಿನದಿಂದ ಹಿಡಿದಿಟ್ಟಿದ್ದೋ ಏನೋ. ಯಜಮಾನರು ಮಗಳ ಹಣೆಗೆ ಮುತ್ತಿಟ್ಟರು, ನನ್ನ ಬೆನ್ನಿಗೆ ಗುದ್ದಿದರು, ಕತ್ತೆಗೂ ಹೇಳಬೇಕೆಂದು ಹೊರಗೆ ಹೋದರು. ಹೆರ್ಮಿನಿಯಾ ಮತ್ತು ನಾನು ಒಲೆಯ ಮುಂದೆ ಕುಸಿದು ಕೂತು ಕಾರಣವಿಲ್ಲದೆ ನಕ್ಕೆವು.

ಹೊಸ ಚರ್ಮದ ತೊಟ್ಟಿ ಸಿದ್ಧವಾದ ದಿನ ಹೆಪ್ಪನ್ನು ಅದರ ಜಾಗಕ್ಕೆ ಸೇರಿಸಬೇಕಿತ್ತು. ನಾನು ಬಕೆಟ್ಟಿಗೆ ಕೈ ಹಾಕಿದೆ.

"ನೀನಲ್ಲ," ಅಂದರು ದೋನ್ ಮಕಾರಿಯೊ. "ಸಾಕಿದೋಳು ತರ್ಲಿ."

ಹೆರ್ಮಿನಿಯಾ ಬಕೆಟ್ ಎತ್ತಿಕೊಂಡು ಪುಲ್ಕೆ ಮನೆಯ ಬಾಗಿಲವರೆಗೆ ಬಂದಳು. ಅಲ್ಲಿ ಅವಳ ಕಾಲು ತಾನಾಗಿಯೇ ನಿಂತಿತು.

"ಅಪ್ಪಾ, ನಿಜವಾಗ್ಲೂ?"

"ಕಳ್ಳತನದಲ್ಲಿ ಬರೋವಾಗ ಕೇಳಿದ್ಯಾ? ಈಗೇನು ನಾಟ್ಕ? ಬಾ." ಆಮೇಲೆ ಅವರು ನನ್ನ ಕಡೆ ತಿರುಗಿದರು. "ನಿಂಗೊಂದು ಪ್ರಶ್ನೆ. ಆ ಮತ್ತಿ ಮೀನಿನ ಸುಳ್ಳು ಯಾಕೆ ಹೇಳ್ದೆ?"

ಇನ್ನು ಬಾಯಿ ಮುಚ್ಚಿಕೊಂಡಿದ್ದರೆ ನಾನು ಮನುಷ್ಯನೇ ಅಲ್ಲ.

"ನಾನು ಹೋದ್ರೆ ನಾನೊಬ್ನೇ ಹೋಗ್ತಿದ್ದೆ ಯಜಮಾನ್ರೆ. ಅವರ ಹೆಸರು ಹೇಳಿದ್ರೆ ನೀವು ಮಗಳನ್ನ ದೂರ ಮಾಡ್ತಿದ್ರಿ. ಅವರಿಗೆ ಮನೆ ಉಳೀಲಿ ಅಂದ್ಕೊಂಡೆ." ಅಲ್ಲಿಗೇ ನಿಲ್ಲಿಸಲಿಲ್ಲ. "ನಾನು ಅವರನ್ನ ತುಂಬಾ ಪ್ರೀತಿಸ್ತೀನಿ. ಅದಕ್ಕೇ."

ಹೆರ್ಮಿನಿಯಾ ನನ್ನನ್ನು ನೋಡಲಿಲ್ಲ. ಅವಳ ಕುತ್ತಿಗೆಯಿಂದ ಕಿವಿಯವರೆಗೆ ಕೆಂಪೇರಿತ್ತು.

"ಮನೆ ಉಳೀಲಿ ಅಂತೆ!" ದೋನ್ ಮಕಾರಿಯೊ ತಲೆ ಚಚ್ಚಿಕೊಂಡರು. "ಲೋ ಮಂಕೇ, ಆವತ್ತು ಬೆಳಿಗ್ಗೆ ನೀನು ಗಂಟು ಕಟ್ಕೊಂಡು ಅಂಗಳಕ್ಕೆ ಬಂದ್ಯಲ್ಲ, ಇವಳ ಬ್ಯಾಗೂ ಅಡುಗೆಮನೆ ಬಾಗ್ಲ ಹಿಂದೆ ರೆಡಿ ಇತ್ತು. ಬೂಟೂ ಪಕ್ಕದಲ್ಲೇ ಇತ್ತು. ನಾನು ಕಣ್ಣಾರೆ ನೋಡಿದೀನಿ. ನೀನು ಹೋಗಿದ್ರೆ ನಂಗೆ ಹೆಪ್ಪೂ ಇಲ್ಲ, ಮಗಳೂ ಇಲ್ಲ!"

"ಅಪ್ಪಾ!"

"ಏನಪ್ಪಾ? ಸುಳ್ಳಾ?"

ಅವಳು ಬಕೆಟ್ಟನ್ನು ಎದೆಗವಚಿಕೊಂಡಳು. ನಾನು ಅವಳನ್ನೇ ನೋಡುತ್ತ ನಿಂತೆ. ನಾನು ಯಾರಿಗಾಗಿ ಊರು ಬಿಡಲು ಹೊರಟಿದ್ದೆನೋ ಅವಳು ನನ್ನ ಹಿಂದೆ ಬರಲು ಬ್ಯಾಗು ಕಟ್ಟಿಕೊಂಡಿದ್ದಳು. ನನಗೆ ಒಂದು ಮಾತೂ ಹೇಳಿರಲಿಲ್ಲ.

"ಎಲ್ಲಿಗೆ ಅಂತ ಗೊತ್ತಿತ್ತಾ ನಿಂಗೆ?" ಅಂದೆ. ಮೊದಲ ಸಲ ನೀನು ಅಂದದ್ದು ನನಗೇ ಆಮೇಲೆ ಗೊತ್ತಾಯಿತು.

"ಇಲ್ಲ," ಅಂದಳು. "ನಿಂಗೆ ಗೊತ್ತಿತ್ತಾ?"

"ಇಲ್ಲ."

"ಸರಿಹೋಯ್ತು. ಇಬ್ರೂ ಬಸ್ ಸ್ಟ್ಯಾಂಡಲ್ಲಿ ಕೂತಿರ್ತಿದ್ವಿ." ಅವಳು ಬಕೆಟ್ಟಿನ ಹಿಡಿಯ ಅರ್ಧ ಭಾಗವನ್ನು ನನ್ನ ಕಡೆ ಚಾಚಿದಳು. "ಹಿಡ್ಕೋ, ಭಾರ ಇದೆ. ಒಳಗೆ ಹೋಗೋಣ ಬಾ."